ಕತ್ತಿಯ ತುದಿಗೆ ಕನ್ನಡಿ

ಅಕ್ಕ ನಾಟಕದ ಪ್ಲಾಸ್ಟಿಕ್ ಕೊಳವೆಯ ಕತ್ತಿಯನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ತುದಿಯ ಮುಚ್ಚಳಕ್ಕೆ ಇಕ್ಕಳ ಹಾಕಿ ತಿರುಚಿದಳು. ಅಂಟು ಚಟ್ಟೆಂದು ಬಿಟ್ಟಿತು.

“ಏಯ್ ಅಕ್ಕಾ, ಕೊಳವೆ ಸೀಳತ್ತೆ!” ತಮ್ಮ ಬಾಗಿಲಲ್ಲೇ ನಿಂತು ಕೂಗಿದ.

“ಸೀಳ್ಲಿ. ಬೆಳಗ್ಗೆ ನನ್ನ ಮಾನ ಹೋದಾಗ ಯಾರೂ ಕೂಗ್ಲಿಲ್ವಲ್ಲ.”

ಬೆಳಗಿನ ತಾಲೀಮಿನಲ್ಲಿ ದೀಪ ಆರಿಸಿ ನಟರು ಬೆಳಕಿನ ಕತ್ತಿಗಳನ್ನು ಎತ್ತಿದಾಗ, ಎಲ್ಲವುಗಳ ತುದಿಯೂ ಗೇಣುದ್ದ ಮಸುಕಾಗಿತ್ತು. ಮುರಿದ ಕತ್ತಿ ಹಿಡಿದ ಸೈನ್ಯದಂತೆ ನಿಂತಿದ್ದರು. ಯಾರೋ ಕಿಸಕ್ಕೆಂದರು. ತುದಿ ಮಾಡಿದ್ದು ಯಾರು ಎಂದು ನಿರ್ದೇಶಕರು ಕೇಳಿದರು. ತಮ್ಮ ಅವಳ ಕಡೆ ಬೆರಳು ತೋರಿಸಿದ. “ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನಬೇಕಮ್ಮ,” ಎಂದರು ಅವರು, ಎಲ್ಲರೆದುರು. ಸಂಜೆ ಮೊದಲ ಪ್ರದರ್ಶನ. ಕತ್ತಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅವಳು ಮನೆಗೆ ಬಂದಿದ್ದಳು.

ಆ ತುದಿಗಾಗಿ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಹಿಡಿಯೊಳಗಿನ ಬಲ್ಬಿನ ಬೆಳಕು ಕೊಳವೆಯಲ್ಲಿ ಮೇಲೇರುತ್ತ ಸೊರಗುತ್ತದೆ. ತುದಿಯಲ್ಲಿ ಅದನ್ನು ತಡೆದು ಹಿಂದಕ್ಕೆ ಕಳಿಸುವಂಥದ್ದೇನಾದರೂ ಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುಕ್ಕಾಗಿ ಕಪ್ಪು ಗೆರೆ ಮೂಡಿಸಿತು. ಗಾಜಿನ ಕನ್ನಡಿ ಮೊದಲ ಏಟಿಗೇ ಚೂರಾಯಿತು. ಚಿಪ್ಸ್ ಪೊಟ್ಟಣದ ಒಳಮೈ ಬಿಸಿ ಅಂಟು ತಾಗಿದ್ದೇ ಮುದುಡಿಕೊಂಡಿತು. ಕೊನೆಗೆ ಗೆದ್ದದ್ದು ಕೋಟಿಗೆ ಹಾಕುವ ಉಬ್ಬು ಗುಂಡಿ, ಅದರ ಮೇಲೆ ಉಗುರಿನಿಂದ ತೀಡಿ ಅಂಟಿಸಿದ ಅಲ್ಯೂಮಿನಿಯಂ ಟೇಪು. ಉಬ್ಬಿದ್ದರಿಂದ ಅದು ಬೆಳಕನ್ನು ಒಂದೇ ಕಡೆ ಎಸೆಯದೆ ಕೊಳವೆಯ ಸುತ್ತಲೂ ಹಂಚುತ್ತಿತ್ತು. ಅಂಥವನ್ನು ಡಬ್ಬಿ ತುಂಬ ಮಾಡಿ ತಮ್ಮನ ಕೈಗಿಟ್ಟಿದ್ದಳು. ಒಳಗಿನದೆಲ್ಲ ಅವಳದು, ಮುಚ್ಚಳ ಅಂಟಿಸಿ ಒಪ್ಪಿಸುವುದು ಅವನದು. ಇವರ ಕೆಲಸ ನಡೆಯುತ್ತಿದ್ದದ್ದೇ ಹಾಗೆ.

ಈಗ ಅಂಗೈಗೆ ಬಿದ್ದದ್ದು ಗುಂಡಿಯಲ್ಲ. ಚಪ್ಪಟೆ ಪ್ಲಾಸ್ಟಿಕ್ ಕನ್ನಡಿ. ಅದರ ಬೂದು ಬೆನ್ನು ಬಲ್ಬಿನ ಕಡೆಗಿತ್ತು.

“ಇದೇನೋ?”

“ಮುಚ್ಚಳ ಗಾಜಿನ ಥರ, ಒಳಗಿರೋದೆಲ್ಲಾ ಕಾಣ್ಸತ್ತಲ್ಲಕ್ಕಾ. ಕತ್ತಿ ತುದೀಲಿ ಕೋಟಿನ ಗುಂಡಿ ಅಂದ್ರೆ ದರಿದ್ರ. ಇದು ಹೊರಗಿಂದ ಫಳಫಳ ಅನ್ನತ್ತೆ.”

“ಹೊಳಪು ಹೊರಗಡೆ ಇಟ್ಯಾ?”

“ಮತ್ತೆ? ನೋಡೋರು ಹೊರಗಡೆ ತಾನೆ ಇರೋದು?”

“ಬೆಳಕು ಒಳಗಿಂದ ಬರತ್ತೆ ಕಣೋ ಕತ್ತೆ! ಅದಕ್ಕೆ ಬೆನ್ನು ತಿರುಗ್ಸಿ ಕೂರ್ಸಿದ್ದೀಯ! ಒಂದ್ಸಲ ಹಚ್ಚಿ ನೋಡೋಕೇನಾಗಿತ್ತು?”

“ನೋಡಿದ್ನಲ್ಲ. ಅಂಗಳದಲ್ಲಿ.”

“ಬಿಸಿಲಲ್ಲಿ?”

ತಮ್ಮ ತಲೆ ಕೆರೆದುಕೊಂಡ. ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಕತ್ತಿ ಹಿಡ್ಕೊಂಡೇ ಜಗಳ ಆಡ್ತೀರಾ? ನಾನಂತೂ ನಡುವೆ ಬರಲ್ಲ.”

ಅವನ ಕಪಾಟಿನಲ್ಲಿ ಗುಂಡಿಗಳ ಡಬ್ಬಿ ಅವಳು ಕೊಟ್ಟ ಹಾಗೇ ಇತ್ತು. ಅಕ್ಕ ಪರದೆ ಎಳೆದು, ಒಂದು ಗುಂಡಿಯನ್ನು ತುದಿಗೆ ತುರುಕಿ ಸ್ವಿಚ್ ಒತ್ತಿದಳು. ನೀಲಿ ಬೆಳಕು ಹಿಡಿಯಿಂದ ತುದಿಯವರೆಗೆ ಒಂದೇ ಸಮ ನಿಂತಿತು.

“ಸರಿ, ಸರಿ. ಎಲ್ಲಾ ಬದಲಾಯಿಸ್ಬಿಡೋಣ. ಇನ್ನೂ ಟೈಮಿದೆ.”

“ಮೊದ್ಲು ನಿರ್ದೇಶಕರಿಗೆ ಫೋನ್ ಮಾಡು. ನೀನು ಮಾಡಿದ್ದನ್ನ ನಿನ್ನ ಬಾಯಲ್ಲೇ ಹೇಳು. ನನಗೂ ಕೇಳಿಸ್ಬೇಕು.”

ತಮ್ಮ ಸ್ಪೀಕರ್ ಹಾಕಿದ. “ಸಾರ್, ಗೊತ್ತಾಯ್ತು ಸಾರ್. ಅದು... ಅಂಗಡಿಯವನು ಕೊಟ್ಟ ಮಾಲೇ ಸರಿ ಇರ್ಲಿಲ್ಲ.”

“ನಿಮ್ಮಕ್ಕ ನೋಡಿ ತರಬಾರದಾ? ಅಷ್ಟೂ ತಿಳಿಯಲ್ವಾ?” ಎಂದರು ನಿರ್ದೇಶಕರು.

ತಮ್ಮ ಅಕ್ಕನ ಮುಖ ನೋಡಿದ. ಕೆಮ್ಮಿದ. “ಹೇಳ್ತೀನಿ ಸಾರ್,” ಎಂದು ಫೋನ್ ಇಟ್ಟ.

ಅಕ್ಕನ ಕಿವಿಯವರೆಗೂ ಬೆಂಕಿ ಹತ್ತಿತು. ಕೈಯಲ್ಲಿದ್ದ ಕತ್ತಿಯನ್ನು ಆರಿಸಿ ಮೇಜಿನ ಮೇಲೆ ಮಲಗಿಸಿದಳು.

“ನಿಜ ಹೇಳಿದ್ರೆ ಮತ್ತೆ ನನ್ನನ್ನ ಒಳಗೆ ಬಿಟ್ಕೋತಾರಾ ಅಕ್ಕಾ? ಹೀಗ್ಮಾಡೋಣ. ಸಂಜೆ ನಾಟಕ ಮುಗಿದ ಮೇಲೆ ನಿನ್ನನ್ನ ವೇದಿಕೆಗೆ ಕರೆಸ್ತೀನಿ. ಕತ್ತಿಗಳನ್ನ ಸರಿ ಮಾಡಿದ್ದು ಇವಳೇ ಅಂತ ಮೈಕಲ್ಲಿ ಹೇಳಿಸ್ತೀನಿ. ಹೂಗುಚ್ಛ, ಚಪ್ಪಾಳೆ, ಎಲ್ಲಾ. ಆಯ್ತಾ?” ಅವನು ಅಂಟಿನ ಗನ್ನನ್ನು ಅವಳತ್ತ ಚಾಚಿದ.

“ಬೇಡ.”

“ಬೇಡ ಅಂದ್ರೆ? ಕತ್ತಿಗಳು?”

“ಕತ್ತೀನೂ ಮುಟ್ಟಲ್ಲ, ವೇದಿಕೇನೂ ಹತ್ತಲ್ಲ. ಬೇಡ.”