ಎಡೆಯ ಮುಂದಿನ ಪಾಕೀಟು

ಮಾನಾಮಿ ಅಮಾಸಿ, ಹಿರಿಯರಿಗೆ ಎಡೆ ಇಡುವ ದಿನ. ಸೂಡಿ ಊರಿನ ಫಕೀರವ್ವ ಹೋಳಿಗೆ ಬೇಯಿಸುತ್ತಿದ್ದಳು. ಕುಡಿದೇ ಸತ್ತ ಗಂಡ ಹನಮಪ್ಪನ ಫೋಟೋದ ಮುಂದೆ ಎಡೆ ಇಡಬೇಕಿತ್ತು. ಮಗ ಸಿದ್ದರಾಮೇಶ ಜಳಕ ಮಾಡಿ ಹೂ ಏರಿಸುತ್ತಿದ್ದ. ಅವನೂ ಅಪ್ಪನ ದಾರಿ ಹಿಡಿದವನೇ. ಕುಡಿತ ಬಿಟ್ಟಾಗಿನ ಕೈನಡುಕವನ್ನು ದವಾಖಾನೆಯ ಗುಳಿಗೆ ನಿಲ್ಲಿಸಿತ್ತು. ಕುಡಿಯಬೇಕೆನಿಸುವ ಸಂಜೆಗಳನ್ನು ದಾಟಿಸಿದವನು ಮಾತ್ರ ಹಿಂದಿನ ಓಣಿಯ ದರ್ಜಿ ಮದರಸಾಬ. ಊರ ಹಳೆಯ ಹೊಂಡದ ಮೆಟ್ಟಿಲುಗಳನ್ನು ಮೇಲಿಂದ ಕೆಳಗೆ ಕಟ್ಟುತ್ತ ಹೋದರು ಎಂದು ಮದರಸಾಬ, ಕೆಳಗಿಂದ ಮೇಲಕ್ಕೆ ಎಂದು ಸಿದ್ದರಾಮೇಶ, ಇಬ್ಬರೂ ದಿನಾ ವಾದಿಸುತ್ತಿದ್ದರು. ದರ್ಜಿ ಅಂಗಡಿಯ ಮುಂದೆ ಮಣ್ಣು ಅಗೆದು, ಸಣ್ಣ ಕಲ್ಲು ಜೋಡಿಸಿ ನೋಡುತ್ತಿದ್ದರು. ಮಗ ಅದೇ ಗುಂಗಿನಲ್ಲಿ ಉಣ್ಣಲು ಬರುವಾಗ ಬಾಯಿ ನಾರುತ್ತಿರಲಿಲ್ಲ. ಫಕೀರವ್ವನಿಗೆ ಅಷ್ಟೇ ಸಾಕಿತ್ತು.

ಮೈದುನ ತೋಟಪ್ಪ ಕುಡಿಯುವ ಸೆರೆಯ ಪಾಕೀಟು ತಂದು ಎಡೆಯ ಪಕ್ಕ ಇಟ್ಟ.

"ಇದು ಬ್ಯಾಡೋ ತೋಟಪ್ಪ. ಹುಡುಗ ಈಗಷ್ಟ ಸುಧಾರಿಸ್ಯಾನ."

"ಹ್ಯಾಂಗ ಬಿಡೂದ್ರಿ ವೈನಿ? ಅಣ್ಣನ ಜೀವಕ್ಕ ಬೇಕಾದದ್ದು ಇಡದಿದ್ರ ಹಸದು ಹೋಗ್ತಾನ." ಅವನು ಸಿದ್ದರಾಮೇಶನ ಕಡೆ ತಿರುಗಿದ. "ತಮ್ಮಾ, ಪ್ರಸಾದ ಐತಿ, ತುಟಿಗಿ ಹಚ್ಚು."

"ಹನಿನೂ ಬ್ಯಾಡ ಅಂತ ಡಾಕ್ಟರ್ ಹೇಳ್ಯಾರ ಕಾಕಾ."

"ಡಾಕ್ಟರ್ ನಿಮ್ಮಪ್ಪಗಿಂತ ದೊಡ್ಡಾಂವನ? ಆ ಸಾಬನ ಕೂಡ ಕುಂತು ಭಾಳ ಶಾಣ್ಯಾ ಆಗೀದಿ ಬಿಡು."

ಎಡೆಗೆ ಬಂದಿದ್ದ ನೆಂಟರು ನಕ್ಕರು. ಸಿದ್ದರಾಮೇಶ ತಾಯಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಕುಡಿದ.

ಸಂಜೆ ಅವನು ಬಾರದ್ದು ಕಂಡು ಮದರಸಾಬನೇ ಬಂದ. ತೋಟಪ್ಪ ಬಾಗಿಲಲ್ಲೇ ತಡೆದ.

"ಇವತ್ತ ಹಿರಿಯರು ಮನಿಯಾಗ ಅದಾರ. ಹೊರಗಿನವ್ರು ಬರೂದಿಲ್ಲ. ನಾಳಿ ಬರ್ರಿ."

ಮರುದಿನ ಮದರಸಾಬ ಬಂದಾಗ ಸಿದ್ದರಾಮೇಶನೇ ನಾಚಿ, ಹಿತ್ತಲ ಬಾಗಿಲಿಂದ ಸೆರೆ ಅಂಗಡಿಗೆ ಜಾರಿದ. ಆಮೇಲೆ ಅದೇ ದಾರಿ ಆಯಿತು. ಮುಂಗಾರು ಬರುವುದರೊಳಗೆ ಹೊಟ್ಟೆ ಬಾತು, ಕಣ್ಣು ಹಳದಿಗಟ್ಟಿ, ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟ.

ಮತ್ತೆ ಮಾನಾಮಿ ಅಮಾಸಿ ಬಂತು. ಗೋಡೆಯ ಮೇಲೆ ಈಗ ಎರಡು ಫೋಟೋ. ತೋಟಪ್ಪನೂ ಎರಡು ಪಾಕೀಟು ತಂದ. ಫಕೀರವ್ವ ಅವನ್ನು ಅವನ ಕೈಯಿಂದ ಕಸಿದು, ಹಲ್ಲಿನಿಂದ ಹರಿದು, ಬಚ್ಚಲಿಗೆ ಸುರಿದಳು.

"ವೈನಿ, ಹಿರಿಯರ ಶಾಪ ತಟ್ಟತೈತಿ."

"ಮದುವಿ ಆಗೋ ವಯಸ್ಸಿನ ಹುಡುಗ ಹಿರಿಯಾ ಆಗಿ ಗ್ವಾಡಿ ಮ್ಯಾಲ ಕುಂತಾನ. ಇದಕ್ಕಿಂತ ಶಾಪ ಯಾವದೋ?"

ಸೆರಗಿಗೆ ಕೈ ಒರೆಸಿಕೊಂಡು ಅವಳು ಓಣಿಗೆ ಹೋದಳು. ಮದರಸಾಬನನ್ನು ಕರೆತಂದು ಎಡೆಯ ಮುಂದೆ ಮಣೆ ಹಾಕಿದಳು.

"ಮಾತಾಡ್ರಿ. ನಿಮ್ಮಿಬ್ಬರ ವಾದಾ ಅರ್ಧಾ ಉಳದೈತಿ."

ಮದರಸಾಬ ಸಿದ್ದರಾಮೇಶನ ಫೋಟೋದ ಕಡೆ ತಿರುಗಿ ಕುಳಿತ.

"ಮೆಟ್ಟಲಾ ಮ್ಯಾಲಿಂದನ ಕಟ್ಟ್ಯಾರೋ ಸಿದ್ದೂ," ಎಂದ.

ಅಲ್ಲ ಎನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ.