ಬಟ್ಟೆ ಕೋಣೆಯ ತೊಟ್ಟಿಲು

ಆ ಮನೆಯಲ್ಲಿ ಮಕ್ಕಳ ಗಲಾಟೆ ಇಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಮುಂದಿನ ಕೋಣೆಯಲ್ಲಿ ಮಗ-ಸೊಸೆಯರ ಎರಡು ಹೊಲಿಗೆ ಮಿಷನ್ನು, ಅತ್ತೆ ಬಟ್ಟೆ ಕತ್ತರಿಸುವ ಮೇಜು. ನಡುವೆ ಅಡುಗೆ. ಹಿಂದೆ, ಬಟ್ಟೆಯ ಥಾನುಗಳನ್ನು ಪೇರಿಸಿಟ್ಟ ಕಿಟಕಿಯಿಲ್ಲದ ಕೋಣೆ. ಮಕ್ಕಳು ಇರುತ್ತಿದ್ದುದು ಅಲ್ಲಿ.

ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ ಅದು. ಕೂಸನ್ನು ಕೈಕಾಲು ಆಡದಂತೆ ಸುತ್ತಿ ಆ ಕೋಣೆಯ ತೊಟ್ಟಿಲಲ್ಲಿ ಮಲಗಿಸಬೇಕು. ಹೊತ್ತಿಗೆ ಹಾಲು ಕೊಡಬೇಕು, ಒದ್ದೆಯಾದರೆ ಬದಲಿಸಬೇಕು, ಅಷ್ಟೆ. ಎತ್ತಿದರೆ ಕೈಗೆ ಅಂಟಿಕೊಳ್ಳುತ್ತದೆ, ಮಾತಾಡಿಸಿದರೆ ಹಟ ಕಲಿಯುತ್ತದೆ. ಅತ್ತರೆ ಅಳಲಿ, ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ. ಆಗುತ್ತಲೂ ಇತ್ತು.

ಸೊಸೆಯ ಮೊದಲ ಮಗಳು ಹಾಗೆಯೇ ಸುಮ್ಮನಾಗಿದ್ದಳು. ಈಗ ನಾಲ್ಕು ವರ್ಷ, ಒಂದು ಮಾತಿಲ್ಲ. ಥಾನುಗಳ ನಡುವೆ ಕೂತು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಕಾರಣ ಹುಡುಕಲು ಅತ್ತೆ ದೂರ ಹೋಗಲಿಲ್ಲ. ಸೊಸೆಯ ತಮ್ಮ ತೊದಲುತ್ತಾನೆ, ಸಾಕಲ್ಲ! ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಬಂದವರೆದುರೆಲ್ಲ ಆಡಿದಳು. ಸೊಸೆಯೂ ನಂಬಿದ್ದಳು. ತನ್ನ ರಕ್ತವೇ ಕೆಟ್ಟದ್ದು ಎಂದುಕೊಂಡವಳು ಯಾರೊಡನೆ ಜಗಳವಾಡಬೇಕು?

ಎರಡನೆಯ ಕೂಸು ಅದೇ ತೊಟ್ಟಿಲಿಗೆ ಬಂತು. ಶಾಲೆ ತೆರೆಯುವ ಕಾಲ, ಸಮವಸ್ತ್ರದ ರಾಶಿ. ಹಿಂದಿನಿಂದ ಅಳು ಕೇಳಿದರೆ ಅವಳ ಎದೆ ಒದ್ದೆಯಾಗುತ್ತಿತ್ತು, ಕಾಲು ಮಾತ್ರ ಪೆಡಲಿನ ಮೇಲೆಯೇ ಇರುತ್ತಿತ್ತು. ಎದ್ದರೆ ಅತ್ತೆಯ ಕತ್ತರಿ ನಿಲ್ಲುತ್ತಿತ್ತು. ಆ ಮೌನ ಬೈಗುಳಕ್ಕಿಂತ ಜೋರು. ಪಕ್ಕದ ಮಿಷನ್ನಿನಲ್ಲಿ ಗಂಡ ತಲೆ ಎತ್ತುತ್ತಿರಲಿಲ್ಲ. ಅವನೂ ಆ ತೊಟ್ಟಿಲಿನವನೇ. ನನ್ನ ಮಗ ಇವತ್ತಿಗೂ ಬಾಯಿ ಬಿಡುವುದಿಲ್ಲ, ಚಿನ್ನದಂಥವನು ಎಂದು ಅತ್ತೆಗೆ ಹೆಮ್ಮೆ.

ಕೂಸಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸು, ಮಗಳ ಬೆನ್ನ ಹಿಂದೆ ಬೀಗದ ಕೈಗಳ ಗೊಂಚಲು ಅಲ್ಲಾಡಿಸಿದಳು. ಹುಡುಗಿ ತಟ್ಟನೆ ತಿರುಗಿದಳು. ಕಿವಿ ಚೆನ್ನಾಗಿದೆ, ಮಕ್ಕಳಿಗೆ ಹಾಲಿನಷ್ಟೇ ಮಡಿಲೂ ಮಾತೂ ಬೇಕು ಎಂದಳು ನರ್ಸು.

"ನಿನಗೆಷ್ಟು ಮಕ್ಕಳಮ್ಮ?" ಎಂದಳು ಅತ್ತೆ. ಇನ್ನೂ ಮದುವೆಯಾಗಿಲ್ಲವೆಂದು ತಿಳಿದು ನಕ್ಕಳು. "ದಡದ ಮೇಲೆ ನಿಂತು ಈಜು ಕಲಿಸ್ತೀಯ ಅನ್ನು. ಇದು ತಾಯಿ ಕಡೆ ರಕ್ತದ ದೋಷ."

"ಅಮ್ಮಾ, ರಕ್ತ ಅಂದ್ರೆ ಥಾನು ಅಂದ್ಕೊಳ್ಳಿ. ಎಂಥ ಒಳ್ಳೆ ಥಾನಾದ್ರೂ ಹೊಲಿಯದೆ ಅಂಗಿ ಆಗುತ್ತಾ?"

"ಥಾನೇ ಹರಿದಿದ್ರೆ?"

ನರ್ಸು ಚೀಲ ಎತ್ತಿಕೊಂಡು ಹೋದಳು. ಸೊಸೆ ತಲೆ ತಗ್ಗಿಸಿ ಗುಂಡಿ ಹಚ್ಚಿದಳು.

ಒಂದು ಮಧ್ಯಾಹ್ನ ಗಂಡ ಊಟಕ್ಕೆ ಎದ್ದಿದ್ದಾಗ ಅವಳ ಮಿಷನ್ನಿನ ಸೂಜಿ ಮುರಿಯಿತು. ಎರಡೂ ಮಿಷನ್ನು ನಿಂತವು. ಆದರೂ ಎಲ್ಲೋ ಒಂದು ಓಡುತ್ತಿತ್ತು. ಸದ್ದಿನ ಜಾಡು ಹಿಡಿದು ಹಿಂದಿನ ಕೋಣೆಗೆ ಹೋದಳು. ಮಗಳು ತೂಗುತ್ತಾ, ನಾಲಿಗೆಯಲ್ಲಿ ಟಕಟಕಟಕ ಎನ್ನುತ್ತಿದ್ದಳು. ಕಾಲರಿನ ತಿರುವಿನಲ್ಲಿ ತಾಯಿ ಮಿಷನ್ನು ನಿಲ್ಲಿಸುವಂತೆಯೇ ನಿಲ್ಲಿಸಿ, ಮತ್ತೆ ನಿಧಾನವಾಗಿ ಶುರುಮಾಡಿದಳು. ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿತ್ತು. ಹಾಲಿನ ಹೊತ್ತು ಮೀರಿತ್ತು. ಅಳುತ್ತಿರಲಿಲ್ಲ. ಅದೂ ಅಳುವುದನ್ನು ಬಿಟ್ಟಿತ್ತು.

ಅವಳು ಸುತ್ತಿದ ಬಟ್ಟೆ ಬಿಚ್ಚಿದಳು. ಕೂಸನ್ನು ಎತ್ತಿಕೊಂಡು, ಮಗಳ ಕೈ ಹಿಡಿದು ಮುಂದಿನ ಕೋಣೆಗೆ ಬಂದಳು.

ಅತ್ತೆಯ ಕತ್ತರಿ ನಿಂತಿತು. "ಅದನ್ಯಾಕೆ ಈಚೆ ತಂದೆ?"

"ಇವಳನ್ನ ಕೇಳಿಸ್ಕೊಳ್ಳಿ ಅತ್ತೆ."

ಹುಡುಗಿ ಬಾಗಿಲಲ್ಲೇ ಕೂತು ತೂಗತೊಡಗಿದ್ದಳು. ಟಕಟಕಟಕ.

"ಈ ಮಿಷನ್ನಿನ ಸದ್ದು ಯಾರ ರಕ್ತದಲ್ಲಿತ್ತು? ನಮ್ಮಪ್ಪ ಗಾರೆ ಕೆಲಸದೋರು. ನಮ್ಮನೇಲಿ ಮಿಷನ್ನೇ ಇರ್ಲಿಲ್ಲ."

ಅತ್ತೆ ಮೊಮ್ಮಗಳನ್ನು ನೋಡಿದಳು, ಬೇಗ ಕಣ್ಣು ತೆಗೆದಳು. ತಲೆತಲಾಂತರದಿಂದ ಎಲ್ಲರೂ ಹೀಗೇ ಬೆಳೆದದ್ದು, ಯಾರೂ ಸತ್ತಿಲ್ಲ ಎಂದಳು. ಆಮೇಲೆ ಹತ್ತಿರವೇ ಇದ್ದ ಅಸ್ತ್ರ ತೆಗೆದಳು. "ನಮ್ಮ ರೀತಿ ಹಿಡಿಸದಿದ್ರೆ ತಮ್ಮನ ಮನೆಗೆ ಹೋಗು."

ತಮ್ಮನದು ಒಂದೇ ಕೋಣೆ, ಆರು ಜನ. ಅದು ಇಬ್ಬರಿಗೂ ಗೊತ್ತಿತ್ತು.

"ಎಲ್ಲೂ ಹೋಗಲ್ಲ," ಎಂದಳು ಸೊಸೆ. "ಇಲ್ಲೇ ಕೂತು ಮಾತಾಡ್ತೀನಿ."

ಕೈ ತೊಳೆದು ಬಂದು ಕೂತಿದ್ದ ಗಂಡ ಏನೂ ಹೇಳಲಿಲ್ಲ. ಹೇಳುವುದನ್ನು ಅವನಿಗೆ ಕಲಿಸಿದವರು ಯಾರು? ಪೆಡಲಿನ ಮೇಲಿಟ್ಟ ಕಾಲನ್ನು ಮಾತ್ರ ಕೆಳಗಿಳಿಸಿದ.

ಅವಳು ಕೂಸಿಗೆ ಹಾಲು ಕೊಡುತ್ತಾ ಬಾಯಿ ತೆರೆದಳು. ಕೂಸಿನ ಹತ್ತಿರ ಏನು ಮಾತಾಡುವುದೆಂದು ಅವಳಿಗೂ ತಿಳಿಯದು. "ಇದು ಕತ್ತರಿ," ಎಂದಳು. "ಇದು ಗುಂಡಿ. ಅದು ನಿಮ್ಮಪ್ಪ."

ಬಾಗಿಲಲ್ಲಿ ಟಕಟಕ ನಿಂತಿತು. ಮಗಳು ತೂಗುವುದನ್ನು ಬಿಟ್ಟು, ಸದ್ದು ಎಲ್ಲಿಂದ ಬರುತ್ತಿದೆಯೆಂದು ಹುಡುಕುವವಳಂತೆ ತಾಯಿಯ ತುಟಿಗಳನ್ನು ನೋಡುತ್ತಿದ್ದಳು.