ಕೆಮ್ಮಿಗೊಂದು ಹೂಂ

“ಹದಿನೇಳನೇ ಕಾಲಂ ಖಾಲಿ ಬಿಟ್ಟಿದೀರಲ್ಲ, ಹವಾಲ್ದಾರ್ರೇ?”

ಗುಮಾಸ್ತ ಅರ್ಜಿಯನ್ನು ಕಿಟಕಿಯ ಸಂದಿಯಿಂದ ಹಿಂದಕ್ಕೆ ತಳ್ಳಿ, ಖಾಲಿ ಜಾಗದ ಮೇಲೆ ಬೆರಳಿಟ್ಟ. ಮಾಜಿ ಸೈನಿಕರ ಅಂಗವೈಕಲ್ಯದ ಅರ್ಜಿ ಅದು, ಒಟ್ಟು ಇಪ್ಪತ್ತೆರಡು ಕಾಲಂ. ಇಪ್ಪತ್ತೊಂದನ್ನು ಹವಾಲ್ದಾರನ ಹೆಂಡತಿ ತನ್ನ ದುಂಡನೆಯ ಅಕ್ಷರದಲ್ಲಿ ತುಂಬಿದ್ದಳು. ದಳ, ಸೇರಿದ ದಿನ, ಬಿಟ್ಟ ದಿನ, ಎರಡೂ ಪಾದಗಳಲ್ಲಿ ಸ್ಪರ್ಶವಿಲ್ಲ ಎಂಬುದು, ಎಲ್ಲವೂ ಇದ್ದವು. ಹದಿನೇಳರಲ್ಲಿ ಕೇಳಿದ್ದು ಇಷ್ಟೇ: ತೊಂದರೆ ಯಾವಾಗ, ಹೇಗೆ ಆಯಿತು, ಸೇವೆಯಲ್ಲಿದ್ದಾಗ ಯಾಕೆ ತಿಳಿಸಲಿಲ್ಲ. ಅವಳು ಕೇಳಿದಾಗಲೆಲ್ಲ ಅವನು “ನೋಡೋಣ ಬಿಡು” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದ.

“ಅಲ್ಲಿ ಏನು ಬರೀಬೇಕು?” ಎಂದ ಹವಾಲ್ದಾರ.

“ನನ್ನ ಕೇಳಿದ್ರೆ? ಕಾಲು ನಿಮ್ದು ಸಾರ್.” ಗುಮಾಸ್ತ ತನ್ನ ಮಾತಿಗೆ ತಾನೇ ನಕ್ಕು, ಎದುರಿನ ಮುಖ ಅಲುಗದಿದ್ದದ್ದನ್ನು ಕಂಡು ನಗು ನಿಲ್ಲಿಸಿದ. “ನಾಳೆ ಸಂಜೆ ಕಡತ ಮಂಜೂರು ಮಾಡೋ ಮಂಡಳಿಗೆ ಹೋಗುತ್ತೆ. ಅದು ತಪ್ಪಿದ್ರೆ ಮಂಡಳಿ ಮತ್ತೆ ಕೂರೋದು ಮುಂದಿನ ವರ್ಷ. ಈಗ ಡಾಕ್ಟರ ತಪಾಸಣೆ ಮುಗಿಸ್ಕೊಳ್ಳಿ. ನಾಳೆ ಇದನ್ನ ತುಂಬಿ ತಂದ್ಬಿಡಿ.”

ಮುಂದಿನ ವರ್ಷದವರೆಗೆ ಕಾಯುವ ಹಾಗಿರಲಿಲ್ಲ. ಹವಾಲ್ದಾರ ಈಗ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುತ್ತಾನೆ. ತಿಂಗಳ ಹಿಂದೆ ಒಂದು ಮೊಳೆ ಅವನ ಬೂಟಿನ ಅಡಿಯಿಂದ ಪಾದದೊಳಗೆ ಹೊಕ್ಕಿತ್ತು. ಅವನು ಇಡೀ ಪಾಳಿ ಅದರ ಮೇಲೇ ನಿಂತು, ಅದರ ಮೇಲೇ ನಡೆದು ಮನೆಗೆ ಬಂದಿದ್ದ. ದಿನವೂ ಸಂಜೆ ಅವನ ಪಾದ ತಿರುಗಿಸಿ ನೋಡುವುದು ಹೆಂಡತಿಯ ಕೆಲಸವಾದ್ದರಿಂದ ಅದು ಅವಳ ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ಮರುದಿನವೂ ಅದೇ ಬೂಟಿಗೆ ಕಾಲು ತೂರಿಸುತ್ತಿದ್ದನೇನೋ. ಗಾಯ ಇನ್ನೂ ಮಾಗಿರಲಿಲ್ಲ. ಹೀಗೇ ಬಿಟ್ಟರೆ ಪಾದ ತೆಗೆಯಬೇಕಾಗುತ್ತದೆ, ಸೈನಿಕರ ಆಸ್ಪತ್ರೆಯಲ್ಲಿ ಇಂಥ ಪಾದಗಳಿಗೆಂದೇ ಒಂದು ವಿಭಾಗವಿದೆ, ಅಲ್ಲಿಗೆ ಹೋಗಿ ಎಂದು ಊರ ಡಾಕ್ಟರು ಹೇಳಿದ್ದರು. ಅಲ್ಲಿ ಅರ್ಜಿ ಮಂಜೂರಾದವರನ್ನು ಮಾತ್ರ ಒಳಗೆ ಬಿಡುತ್ತಾರೆ.

ಇಬ್ಬರೂ ವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತರು. ಅವಳು ಹಾಸಿಗೆ ಅಂಗಡಿಯಲ್ಲಿ ದಿಂಬು ಹೊಲಿಯುವವಳು. ಇಪ್ಪತ್ತು ವರ್ಷದ ಹತ್ತಿಯ ಧೂಳು ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಫ್ಯಾನಿನ ಗಾಳಿಗೆ ಕೆಮ್ಮು ಬಂತು.

“ಹೂಂ” ಎಂದ ಹವಾಲ್ದಾರ, ಎದುರಿನ ಗೋಡೆಯನ್ನೇ ನೋಡುತ್ತ.

ಇದು ಅವರ ಸಂಸಾರದ ರೂಢಿ. ಔಷಧಿ ತಗೊಂಡೆಯಾ, ಬಿಸಿನೀರು ಬೇಕಾ ಎಂದು ಅವನು ಒಮ್ಮೆಯೂ ಕೇಳಿದವನಲ್ಲ. ಸೈನ್ಯ ಬಿಟ್ಟು ಬಂದಾಗಿನಿಂದ ಅವನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಅವನ ಅಪ್ಪ ಸತ್ತ ದಿನವೂ ಹೀಗೇ ಗೋಡೆ ನೋಡುತ್ತ ಕೂತಿದ್ದ, ಜನ ಗಟ್ಟಿ ಮನುಷ್ಯ ಎಂದು ಹೊಗಳಿದ್ದರು. ಆದರೆ ಅವಳು ಕೆಮ್ಮಿದರೆ ಮಾತ್ರ ಅವನಿಂದ ಒಂದು ಹೂಂ ತಪ್ಪುತ್ತಿರಲಿಲ್ಲ. “ನಮ್ಮೋರು ಮಾತು ಕಮ್ಮಿ ಕಣ್ರೀ. ಆದ್ರೆ ನಾನು ಕೆಮ್ಮಿದ್ರೆ ನಿದ್ದೇಲೂ ಹೂಂ ಅಂತಾರೆ” ಎಂದು ಅವಳು ಅಂಗಡಿಯಲ್ಲಿ ಹೇಳಿಕೊಂಡದ್ದುಂಟು. ಒಡವೆ ತೋರಿಸುವವರಿಗೂ ಅಷ್ಟು ಜಂಬ ಇರುವುದಿಲ್ಲ.

ವೈದ್ಯೆ ನಡುವಯಸ್ಸಿನವರು, ಚುರುಕು ಕೈ. ಹವಾಲ್ದಾರನನ್ನು ಮಂಚದ ಮೇಲೆ ಮಲಗಿಸಿ, ಗಾಯದ ಪಟ್ಟಿ ಬಿಚ್ಚಿ ನೋಡಿ, ಮತ್ತೆ ಕಟ್ಟಿದರು. ಹೆಂಡತಿ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಕಣ್ಣು ಮುಚ್ಕೊಳ್ಳಿ. ಪಾದಕ್ಕೆ ಪಿನ್ ತಾಗಿಸ್ತೀನಿ. ಗೊತ್ತಾದಾಗ ಹೂಂ ಅನ್ನಿ. ಗೊತ್ತಾಗದಿದ್ರೆ ಸುಮ್ನಿರಿ. ಅಷ್ಟೇ.”

ಹವಾಲ್ದಾರ ಕಣ್ಣು ಮುಚ್ಚಿದ. ಸ್ಪಿರಿಟ್ಟಿನ ವಾಸನೆ ಬಂತು. ಕಾಗದದ ಮೇಲೆ ಪೆನ್ನು ಓಡಿದ ಸದ್ದು ಕೇಳಿತು, ನಿಂತಿತು, ಮತ್ತೆ ಓಡಿತು. ವೈದ್ಯೆ ಚುಚ್ಚುತ್ತಿರಬೇಕು, ಬರೆಯುತ್ತಿರಬೇಕು ಎಂದುಕೊಂಡ. ಪಾದದ ಗಂಟಿನಿಂದ ಕೆಳಗೆ ಅವನಿಗೆ ಸೇರಿದ್ದು ಏನೂ ಇರಲಿಲ್ಲ. ಸುಮ್ಮನೆ ಬಿದ್ದುಕೊಂಡಿರುವುದೇ ಇವತ್ತಿನ ಕೆಲಸ, ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಸ್ಟೂಲಿನ ಕಡೆಯಿಂದ ಒಂದು ಕೆಮ್ಮು.

“ಹೂಂ” ಎಂದ ಹವಾಲ್ದಾರ.

ಪೆನ್ನು ನಿಂತಿತು. ಆಮೇಲೆ ತಡೆದುಕೊಂಡ ಕೆಮ್ಮು ಒಟ್ಟಿಗೆ ಎರಡು ಸಲ ಬಂತು.

“ಹೂಂ. ಹೂಂ.”

“ಕಣ್ಣು ಬಿಡಿ” ಎಂದರು ವೈದ್ಯೆ. ಪಿನ್ನು ಅವರ ಕೈಯಲ್ಲಿ, ಪಾದದಿಂದ ಒಂದು ಮೊಳ ದೂರದಲ್ಲಿತ್ತು. “ನಾನು ಹತ್ತು ಕಡೆ ಚುಚ್ಚಿದೆ, ನೀವು ಸುಮ್ನಿದ್ರಿ. ಮುಟ್ಟದೇ ಇದ್ದಾಗ ಮೂರು ಸಲ ಹೂಂ ಅಂದ್ರಿ. ನೋವಾದ್ರೂ ಆಗಲಿಲ್ಲ ಅಂತ ನಾಟಕ ಆಡೋರನ್ನ ದಿನಾ ನೋಡ್ತೀನಿ. ಇದೇನು ಹೊಸದು?”

ಹೆಂಡತಿಯೇ ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು. ಈ ವಯಸ್ಸಿನಲ್ಲಿ ಅದು ನಾಚಿಕೆಯೋ ಕೆಮ್ಮಿನ ದಣಿವೋ ಹೇಳುವುದು ಕಷ್ಟ.

“ಅದು ನಂಗೆ ಅಂದಿದ್ದು ಮೇಡಂ. ನಾನು ಕೆಮ್ಮಿದ್ರೆ ಇವರು ಹಾಗೆ ಹೂಂ ಅಂತಾರೆ. ಮೊದಲಿಂದ್ಲೂ ಅಷ್ಟೇ. ನಾನು ಇದೀನಿ ಅಂತ.”

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ವೈದ್ಯೆ ಒಂದು ಕ್ಷಣ ಇಬ್ಬರನ್ನೂ ನೋಡಿದರು, ತುಟಿಯ ಅಂಚಿನಲ್ಲಿ ನಗು ಬಂದಂತೆಯೂ ಆಯಿತು. ಆದರೆ ಅವರ ಮೇಜಿನ ಮೇಲೆ ಸೇನೆಯಿಂದ ತರಿಸಿದ ಹಳೆಯ ಕಡತವಿತ್ತು. ಅದನ್ನು ತಿರುಗಿಸಿ ಮುಂದಿಟ್ಟರು.

“ಸರಿ, ಇದನ್ನ ನೋಡಿ. ಹಿಮದ ಠಾಣೆಗೆ ಹತ್ತೋ ಮುಂಚೆ ಪ್ರತಿ ಸಲ ನಿಮ್ಮ ಪಾದಕ್ಕೆ ಇದೇ ಪರೀಕ್ಷೆ ಮಾಡಿದಾರೆ. ಹನ್ನೊಂದು ಸಲ. ಹನ್ನೊಂದು ಸಲಾನೂ ‘ಸ್ಪರ್ಶ ಸರಿಯಿದೆ’. ಅಂದ್ಮೇಲೆ ತೊಂದರೆ ಸೇನೇಲಿ ಆಗಿದ್ದಲ್ಲ ಅಂತಾರೆ ಮಂಡಳಿಯವರು. ಇಲ್ಲಾ ಈ ಕಾಗದ ಸುಳ್ಳು, ಇಲ್ಲಾ ನೀವು ಸುಳ್ಳು. ಯಾವುದು?”

ಹನ್ನೊಂದು ಹಾಳೆಗಳು ಹಳದಿ ತಿರುಗಿದ್ದವು. ಹವಾಲ್ದಾರ ಮಂಚದ ಅಂಚಿನಲ್ಲಿ ಕೂತು, ನೇತಾಡುವ ತನ್ನ ಪಾದಗಳನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅವನು ಮುಟ್ಟಿಕೊಂಡದ್ದು ಗಂಟಲನ್ನು.

“ಕೆಮ್ಮುತಿದ್ವಿ” ಎಂದ.

“ಏನು?”

“ಸಾಲಾಗಿ ಬೆಂಚಲ್ಲಿ ಕೂರಿಸಿ, ಸರದಿ ಬಂದೋನ ಕಣ್ಣ ಮೇಲೆ ಮಾತ್ರ ಟೋಪಿ ಎಳೀತಿದ್ರು. ಪಿನ್ನು ತಾಗಿದ ಕೂಡ್ಲೇ ಪಕ್ಕದೋನು ಕೆಮ್ಮೋನು. ಕೆಮ್ಮು ಕೇಳಿದ್ರೆ ಹೂಂ ಅನ್ನೋದು. ಆ ಚಳೀಲಿ ಎಲ್ರಿಗೂ ಕೆಮ್ಮು. ಯಾರಿಗೂ ಅನುಮಾನ ಬರ್ತಿರಲಿಲ್ಲ.”

“ಯಾಕೆ ಹಾಗೆ?”

“ಗೊತ್ತಾಗಲ್ಲ ಅಂದ್ರೆ ಕೆಳಗೆ ಕಳಿಸ್ತಿದ್ರು. ಬದಲಿ ಜನ ಬರ್ತಿರಲಿಲ್ಲ. ಅವನ ಕಾವಲೂ ಉಳಿದೋರೇ ನಿಲ್ಲಬೇಕು. ಹತ್ತು ಜನದ ಠಾಣೆ.” ಅವನು ಸ್ವಲ್ಪ ಯೋಚಿಸಿದ. “ಮೈಗಳ್ಳ ಅಂತ ಹೆಸರೂ ಬರೋದು.”

“ನಿಮಗೆ ಕೆಮ್ಮುತಿದ್ದವರು ಯಾರು? ಅವರು ಒಂದು ಹೇಳಿಕೆ ಬರೆದುಕೊಟ್ರೆ ಸಾಕು, ನಿಮ್ಮ ಅರ್ಜಿ ನಿಲ್ಲುತ್ತೆ.”

“ಏಣಿ.”

“ಏಣಿ?”

“ಉದ್ದಕ್ಕಿದ್ದ. ಎಲ್ರೂ ಏಣಿ ಅಂತಲೇ ಕರೀತಿದ್ವಿ.”

“ಈಗ ಎಲ್ಲಿದಾರೆ?”

ಹವಾಲ್ದಾರ ಮತ್ತೆ ಪಾದಗಳತ್ತ ಕಣ್ಣು ಇಳಿಸಿದ. ವೈದ್ಯೆ ಬುದ್ಧಿವಂತರು. ಹಾಳೆಯ ಮೇಲಿಂದ ಕಣ್ಣೆತ್ತಿ, ದನಿ ತಗ್ಗಿಸಿ ಕೇಳಿದರು: “ಏಣಿಗೆ ಕೆಮ್ಮುತಿದ್ದವರು?”

“ನಾನು.”

ಅದನ್ನು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ದನಿಯಲ್ಲಿ ಏರಿಳಿತವಿರಲಿಲ್ಲ, ಬ್ಯಾಂಕಿನಲ್ಲಿ ಚೀಟಿಯ ಸಂಖ್ಯೆ ಕೂಗುವವನ ಹಾಗೆ ಹೇಳಿಕೊಂಡು ಹೋದ. ಕೊನೆಯ ಸಲ ಹತ್ತುವ ಮುಂಚೆ ಏಣಿಯ ಕಾಲುಚೀಲ ಬಿಚ್ಚಿದಾಗ ಎರಡು ಬೆರಳು ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಏಣಿ ಅದಕ್ಕೆ ಬೂಟು ಪಾಲಿಶಿನ ಕಲೆ ಎಂದು ಹೇಳಿ, ಪರೀಕ್ಷೆಯವನನ್ನು ನಗಿಸಿಬಿಟ್ಟ. ಪಕ್ಕಕ್ಕೆ ಬಾಗಿ ಇವನ ಕಿವಿಯಲ್ಲಿ, “ಲೋ, ಇವತ್ತು ಎಲ್ಲಾದಕ್ಕೂ ಕೆಮ್ಮಬೇಕು ಕಣೋ. ಒಂದೂ ಗೊತ್ತಾಗ್ತಿಲ್ಲ” ಎಂದ. ಇವನು ಎಂಟು ಸಲ ಕೆಮ್ಮಿದ. ಒಂದೂ ತಪ್ಪಲಿಲ್ಲ, ಒಂದೂ ತಡವಾಗಲಿಲ್ಲ. ಏಣಿ ಮೇಲಕ್ಕೆ ಹತ್ತಿದ. ಇಪ್ಪತ್ತನೆಯ ದಿನ ಅವನನ್ನು ಹೊತ್ತುಕೊಂಡು ಇಳಿಯಬೇಕಾಯಿತು. ಕೊಳೆತ ಬೆರಳಿನ ವಿಷ ರಕ್ತಕ್ಕೆ ಸೇರಿದೆ ಎಂದರು. ದಾರಿಯಲ್ಲೇ ಮುಗಿದುಹೋದ.

“ನಾನು ಒಂದು ಸಲ ಕೆಮ್ಮದೇ ಇದ್ದಿದ್ರೆ ಕೆಳಗೆ ಕಳಿಸಿರೋರು” ಎಂದ ಹವಾಲ್ದಾರ. “ಅವತ್ತಿಂದ ಯಾರು ಕೆಮ್ಮಿದ್ರೂ ಬಾಯಿಗೆ ಹೂಂ ಬರುತ್ತೆ. ತಡೆಯೋಕಾಗಲ್ಲ.”

ಹೆಂಡತಿ ಯಾವಾಗಲೋ ಮತ್ತೆ ಕೂತಿದ್ದಳು. ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ವೈದ್ಯೆ ಬಹಳ ಹೊತ್ತು ಬರೆದರು. “ನಾನು ಕಂಡದ್ದನ್ನ ಬರೆದಿದೀನಿ” ಎಂದರು ಕೊನೆಗೆ. “ಈಗ ನೀವು ಹೇಳಿದ್ದು ಹದಿನೇಳನೇ ಕಾಲಂಗೆ ಸೇರಬೇಕು. ನಿಮ್ಮ ಕೈಬರಹದಲ್ಲೇ. ಅದಿಲ್ಲದೆ ಹನ್ನೊಂದು ಹಾಳೆ ಎದುರು ನನ್ನ ಒಂದು ಹಾಳೆ ನಡೆಯಲ್ಲ.”

“ಏಣಿ ಮನೆಯೋರಿಗೆ ಗೊತ್ತಾಗುತ್ತಾ?”

“ಕೇಳಿದ್ರೆ ಕಡತ ತೋರಿಸಬೇಕಾಗುತ್ತೆ.” ಅವರು ಸುಳ್ಳು ಹೇಳಲಿಲ್ಲ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹತ್ತುವಾಗ ಎಡಗಾಲಿನ ಚಪ್ಪಲಿ ಕೆಳಗೇ ಉಳಿದದ್ದು ಅವನಿಗೆ ಎಂದಿನಂತೆ ತಿಳಿಯಲಿಲ್ಲ. ಬೇರೆ ದಿನವಾದರೆ ಅವಳು “ನಿಮ್ಮ ಚಪ್ಪಲಿಗೂ ನಿಮಗೂ ಹಿಂದಿನ ಜನ್ಮದ ಜಗಳ” ಎಂದು ನಗುತ್ತಿದ್ದಳು. ಇವತ್ತು ಸುಮ್ಮನೆ ಇಳಿದು, ಎತ್ತಿಕೊಂಡು ಬಂದು, ಬಗ್ಗಿ ಅವನ ಕಾಲಿಗೆ ಹಾಕಿದಳು. ಕಿಟಕಿಯಿಂದ ಧೂಳು ಬರುತ್ತಿತ್ತು. ಅವಳು ಕರವಸ್ತ್ರವನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಆಗಾಗ ಅದುರುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಹವಾಲ್ದಾರನಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಅದು ಏನೆಂದು ತಿಳಿಯಲು ಇನ್ನೂ ಎರಡು ನಿಲ್ದಾಣ ಬೇಕಾಯಿತು.

ಮನೆಗೆ ಬಂದಾಗ ಹಿತ್ತಿಲ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಅವಳು ಬೋಗುಣಿಯಲ್ಲಿ ನೀರು ತಂದು, ಬಿಸಿ ಹೆಚ್ಚಿದೆಯೇ ಎಂದು ಮೊಣಕೈ ಅದ್ದಿ ನೋಡಿ, ಅವನ ಪಾದಗಳನ್ನು ತೊಳೆದಳು. ಒರೆಸಿದಳು. ಟಾರ್ಚು ಹಿಡಿದು ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಗಾಯಕ್ಕೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು. ಎಲ್ಲವೂ ದಿನದಂತೆಯೇ ಆಯಿತು, ಯಾವುದೂ ಅವಸರವಾಗಲಿಲ್ಲ.

“ಮದುವೆಯಾದ ಹೊಸದ್ರಲ್ಲಿ, ರಜಕ್ಕೆ ಬಂದಾಗ್ಲೂ ಹೂಂ ಅಂತಿದ್ರಲ್ಲ” ಎಂದಳು, ಪಟ್ಟಿಯ ತುದಿ ಸಿಕ್ಕಿಸುತ್ತ. “ಅದೂ ಹಾಗೇನಾ?”

ಹವಾಲ್ದಾರ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟ.

“ಗೊತ್ತಿಲ್ಲ” ಎಂದ.

ಅವಳು ತಲೆಯಾಡಿಸಿದಳು. ಬೋಗುಣಿಯ ನೀರು ಚೆಲ್ಲಿ ಬಂದು, ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಪೆನ್ನನ್ನು ಅದರ ಮೇಲಿಟ್ಟಳು. ಅಷ್ಟರಲ್ಲಿ ಎದೆ ಉಬ್ಬಿ ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡು, ಬೇಗಬೇಗ ಹಿತ್ತಿಲಿಗೆ ನಡೆದು, ಬಾಗಿಲನ್ನು ಎಳೆದುಕೊಂಡಳು.

ಅವನು ಪೆನ್ನು ತೆಗೆದುಕೊಂಡ. ಹದಿನೇಳರ ಖಾಲಿ ಜಾಗ ಅಂಗೈಯಷ್ಟಿತ್ತು. ಏಣಿಗೆ ಒಬ್ಬ ಅಕ್ಕ ಇದ್ದಳು. ಕಾಗದ ಬರೆದಾಗಲೆಲ್ಲ ಕೊನೆಯಲ್ಲಿ “ನಿನ್ನ ಪಕ್ಕದವನಿಗೂ ಕೇಳಿದೆ ಅಂತ ಹೇಳು” ಎಂದು ಸೇರಿಸುತ್ತಿದ್ದಳು. ಅವಳು ಈಗಲೂ ಇರಬಹುದು. ಮೇಜಿನ ಕೆಳಗೆ ಪಟ್ಟಿ ಕಟ್ಟಿದ ಪಾದ ನೆಲದ ಮೇಲಿತ್ತು. ಇದೆ ಎಂದು ನೋಡಿಯೇ ತಿಳಿಯಬೇಕು.

ಮುಚ್ಚಿದ ಬಾಗಿಲ ಆಚೆ ಕೆಮ್ಮು ಶುರುವಾಯಿತು. ದಾರಿಯುದ್ದಕ್ಕೂ ಕಟ್ಟಿಟ್ಟದ್ದು ಒಮ್ಮೆಗೇ ಬರುತ್ತಿತ್ತು. ಹೂಂ ಅವನ ಗಂಟಲಿಗೆ ಬಂದು ನಿಂತಿತು. ಅವನು ಮೊದಲ ಬಾರಿಗೆ ಅದನ್ನು ನುಂಗಿದ. ನುಂಗಿ, ಬರೆಯತೊಡಗಿದ.

“ಆ ದಿನ ನಾನು ಎಂಟು ಸಲ ಕೆಮ್ಮಿದೆ.”

ಅಷ್ಟು ಬರೆದು ಪೆನ್ನನ್ನು ಕೆಳಗಿಟ್ಟ. ಹೊರಗೆ ಅವಳು ಇನ್ನೂ ಕೆಮ್ಮುತ್ತಿದ್ದಳು. ಅವನು ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದ. ಕೆಮ್ಮು ಒಂದು ಕ್ಷಣ ಬಿಡುವು ಕೊಡುವ ತನಕ ಕಾದ. ಆಮೇಲೆ ಹಲಗೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ, “ಹೂಂ” ಎಂದ.

ಹೊರಗೆ ಸದ್ದು ನಿಂತಿತು. ಅವನು ಬಾಗಿಲನ್ನೇ ನೋಡುತ್ತ ಕೂತ. ಚಿಲಕ ಇನ್ನೂ ಅಲುಗಿರಲಿಲ್ಲ.